ಹುಣಸೆಹುಳಿ ಕಂಡ ಡಾಲರ್

ಕೊಳೆಯನ್ನು ಪ್ರೀತಿಸುವ ಗಂಡಸನ್ನು ಯಾವ ಮನೆಯಲ್ಲೂ ಮೆಚ್ಚುವುದಿಲ್ಲ. ನನಗಿರುವ ಹುಚ್ಚು ಹಳೆಯ ಅಮೆರಿಕನ್ ಬೆಳ್ಳಿ ಡಾಲರ್‌ಗಳದ್ದು. ಅಮೆರಿಕಕ್ಕೆ ದುಡಿಯಲು ಹೋಗಿ ಮರಳಿದ ಐರಿಷ್ ಅಜ್ಜಂದಿರು ತಂದಿಟ್ಟ ಅಂಥ ನಾಣ್ಯಗಳು, ನಾನಿರುವ ಐರ್ಲೆಂಡಿನ ಗಾಲ್ವೇಯ ಶನಿವಾರದ ಸಂತೆಯಲ್ಲಿ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತವೆ. ಅಲ್ಲಿ ಅಂಗಡಿ ಹಾಕುವ ಮುದುಕ ಮೈಕಲ್ ನನ್ನ ಗುರು. ನಾಣ್ಯದ ಮೇಲಿನ ಹೆಂಗಸಿನ ಕೆನ್ನೆ ನೋಡು, ಕಿವಿಯ ಮೇಲಿನ ಕೂದಲು ಎಷ್ಟು ಸವೆದಿದೆ ನೋಡು, ಆಮೇಲೆ ಎಪ್ಪತ್ತಕ್ಕೆ ಎಷ್ಟು ನಂಬರ್ ಹೇಳು ಎಂದು ಕಲಿಸಿದವನು ಅವನೇ. ನಾಣ್ಯಗಳ ಲೋಕದಲ್ಲಿ ಪೂರ್ಣ ಅಂಕ ನೂರಲ್ಲ, ಎಪ್ಪತ್ತು. ವೈದ್ಯಕೀಯ ಉಪಕರಣಗಳ ಕಂಪನಿಯಲ್ಲಿ ಹಗಲೆಲ್ಲ ಕೂತು, ಕೂದಲೆಳೆಯಷ್ಟು ಗೀರಿದ್ದರೂ ರಿಜೆಕ್ಟ್ ಮಾಡುವ ನನಗೆ, ನೂರು ವರ್ಷ ಸವೆದದ್ದಕ್ಕೂ ನಂಬರ್ ಸಿಗುತ್ತದೆ ಎಂಬುದೇ ದೊಡ್ಡ ಸಮಾಧಾನ. ಈ ಚಾಳಿ ಊಟದ ಮೇಜಿಗೂ ಬಂದು, ಒಮ್ಮೆ ಹೆಂಡತಿ ವಿನಯಾಳ ಸಾರಿಗೆ ಐವತ್ತೆಂಟು ಕೊಟ್ಟು, ಆಮೇಲೆ ಎರಡು ದಿನ ಬರೀ ಬ್ರೆಡ್ ತಿಂದೆ.

ನನ್ನ ಡಾಲರ್‌ಗಳಲ್ಲೆಲ್ಲ ಒಬ್ಬಳು ಸುಂದರಿ. ಅಂಚಿನಲ್ಲಿ ನವಿಲುಬಣ್ಣ, ಕೆನ್ನೆಯ ಮೇಲೆ ಹೊಗೆಬಣ್ಣ. ಕಾಲವೇ ಹಚ್ಚಿದ ಆ ಬಣ್ಣಕ್ಕೇ ಬೆಲೆ. ಅವಳನ್ನು ನಾಣ್ಯ ನೋಡಿ ನಂಬರ್ ಕೊಡುವ ಗ್ರೇಡಿಂಗ್ ಕಂಪನಿಗೆ ಕಳಿಸು, ಅರವತ್ತನಾಲ್ಕು ಖಂಡಿತ ಎಂದು ಮೈಕಲ್ ಹೇಳಿದ್ದ. ನಾನು ಆ ನಂಬರನ್ನೇ ಜಪಿಸುತ್ತಿದ್ದೆ. ಅಷ್ಟರಲ್ಲಿ ದೀಪಾವಳಿಗೆ ಉಡುಪಿಯಿಂದ ಅತ್ತೆ ಬಂದರು.

ಪೂಜೆಯ ಸಂಜೆ ಕೆಲಸದಿಂದ ಬಂದವನಿಗೆ ದೇವರ ಮುಂದೆ ಏನೋ ಫಳಫಳ ಹೊಳೆಯುವುದು ಕಂಡಿತು. ಗಾಜಿನ ಕಪಾಟಿನಲ್ಲಿ ಇರಬೇಕಾದ ನನ್ನ ಸುಂದರಿ ಹುಣಸೆಹುಳಿ, ಉಪ್ಪಿನಲ್ಲಿ ತಿಕ್ಕಿಸಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ಕೂತಿದ್ದಳು.

“ಬೆಳ್ಳಿಯ ಲಕ್ಷ್ಮಿಯನ್ನು ಹೀಗೆ ಕಪ್ಪು ಮಾಡಿ ಇಡುದಾ? ಈಗ ನೋಡಿ, ಎಷ್ಟು ಚಂದ ಉಂಟು,” ಎಂದರು ಅತ್ತೆ. ತಿಕ್ಕಿ ತಿಕ್ಕಿ ಅವರ ಬೆರಳುಗಳು ಕೆಂಪಾಗಿದ್ದವು. ಬಾಯಿಗೆ ಬಂದದ್ದನ್ನು ಪಂಚಕಜ್ಜಾಯದ ಜೊತೆ ನುಂಗಿದೆ.

ಶನಿವಾರ ಜೀವ ತಡೆಯದೆ ನಾಣ್ಯ ಹಿಡಿದು ಮೈಕಲ್ ಬಳಿ ಓಡಿದೆ. ಅವನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಆಮೇಲೆ ಸಾವಿನ ಮನೆಗೆ ಬಂದವನ ದನಿಯಲ್ಲಿ, ಯಾರೋ ಇವಳ ಮುಖ ತೊಳೆದಿದ್ದಾರೆ, ತೊಳೆದ ನಾಣ್ಯಕ್ಕೆ ನಂಬರ್ ಕೊಡುವುದಿಲ್ಲ, ತೊಳೆದದ್ದು ಎಂದು ಬರೆದು ವಾಪಸ್ ಕಳಿಸುತ್ತಾರೆ ಅಷ್ಟೆ ಎಂದ.

ನಾನು ನಾಣ್ಯದ ನಂಬರ್ ಕೇಳಲು ಹೋಗಿದ್ದೇನೆಂದು ವಿನಯಾ ಅತ್ತೆಗೆ ಹೇಳಿಬಿಟ್ಟಿದ್ದಳು. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಪರೀಕ್ಷೆ ಬರೆದ ಮಗುವಿನ ಹಾಗೆ, “ಎಷ್ಟು ಮಾರ್ಕು ಬಂತು?” ಎಂದು ಕೇಳಿದರು.

“ಗ್ರ್ಯಾಂಡ್ ಅಂತೆ ಅತ್ತೆ,” ಎಂದೆ. ಈ ಊರಿನಲ್ಲಿ ಮಳೆ ಹೇಗಿದೆ, ಮಂಡಿನೋವು ಹೇಗಿದೆ ಎಂದರೂ ಜನ ಹೇಳುವುದು ಅದೇ ಮಾತು, ಆದ್ದರಿಂದ ಪೂರಾ ಸುಳ್ಳೇನಲ್ಲ. ಅವರ ಮುಖ ಅರಳಿತು. ಅಂದು ನನ್ನ ತಟ್ಟೆಗೆ ಬಿದ್ದ ನೀರುದೋಸೆಗೆ ಲೆಕ್ಕವಿರಲಿಲ್ಲ. ತಿನ್ನುತ್ತಾ ನೋಡಿದರೆ, ಮತ್ತೆ ದೇವರ ಪಕ್ಕ ಸೇರಿದ ಡಾಲರ್ ನಿಜಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು. ದೇವರ ಮನೆಗೆ ನಂಬರ್ ಬೇಕಿರಲಿಲ್ಲ, ನನಗೂ ಹೊಟ್ಟೆ ತುಂಬಿತ್ತು.

ಆದರೂ ಮರುದಿನ ವಿನಯಾಗೆ ಪಾಠ ಹೇಳದೆ ಇರಲಾಗಲಿಲ್ಲ. ವಯಸ್ಸೆಂಬುದು ಕೊಳೆಯಲ್ಲ, ಅದನ್ನು ಮರೆಮಾಡಲು ಹೋದರೆ ಇದ್ದ ಬೆಲೆಯೂ ಹೋಗುತ್ತದೆ, ಬಲ್ಲವರ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ ಎಂದೆಲ್ಲ ಭಾಷಣ ಬಿಗಿದೆ. ಬಾತ್‌ರೂಮಿನ ಸ್ಟೂಲಿನ ಮೇಲೆ, ಹೆಗಲಿಗೆ ಹಳೆಯ ಟವೆಲ್ ಹೊದ್ದು ಕೂತಿದ್ದ ನನ್ನ ಮಾತನ್ನೆಲ್ಲ ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ಹೇರ್‌ಡೈ ಬ್ರಷ್ಷನ್ನು ಬಟ್ಟಲಲ್ಲಿ ಅದ್ದಿ, “ರೀ, ಸ್ವಲ್ಪ ತಲೆ ಬಗ್ಗಿಸಿ, ಕಿವಿ ಮೇಲೆ ಇನ್ನೂ ಬಿಳಿ ಕಾಣ್ತಾ ಉಂಟು,” ಎಂದಳು.

ಬಗ್ಗಿಸಿದೆ.