ತಾಯಿಗಿಂತ ಹಿರಿಯನಾದ ನನ್ನ ಮೊಮ್ಮಗನ ವಿಷಯವಾಗಿ ಕರ್ನಲ್ ಸಾಹೇಬರಿಗೆ

ಇವರಿಗೆ,
ಘನತೆವೆತ್ತ ಕರ್ನಲ್ ಸಾಹೇಬರು,
ಹೆರಿಗೆ ಆಸ್ಪತ್ರೆಯ ದೊಡ್ಡ ಕಂಪ್ಯೂಟರಿನ ಒಳಗಡೆ.

ಮುಖಾಂತರ: ತಮ್ಮ ಮುಖಾಂತರವಲ್ಲದೆ ಅಲ್ಲಿ ಯಾರನ್ನೂ ಕಾಣುವಂತಿಲ್ಲ ಎಂದು ತಿಳಿದುಬಂದಿರುವುದರಿಂದ, ತಾವೇ.

ಮಾನ್ಯರೇ,

ಎದ್ದು ನಿಂತು ಅನಂತ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ. ಎದ್ದು ನಿಲ್ಲಲು ಕಾರಣವುಂಟು. ಆಸ್ಪತ್ರೆಯ ಕಂಪ್ಯೂಟರ್ ರಿಪೇರಿಯವನು, "ಇದೆಲ್ಲ ಕರ್ನಲ್ ಕೈಯಲ್ಲಿರೋದು ಅಮ್ಮ, ನಾವೇನೂ ಮಾಡೋ ಹಾಗಿಲ್ಲ" ಎಂದಾಗ ನಾನು ಸೇನೆಯಿಂದ ಯಾರೋ ಮೀಸೆಯ ಮಹನೀಯರು ಬಂದು ಆಸ್ಪತ್ರೆಯನ್ನು ವಹಿಸಿಕೊಂಡಿದ್ದಾರೆಂದೇ ತಿಳಿದು ಸೆರಗು ಸರಿಪಡಿಸಿಕೊಂಡು ನಿಂತುಬಿಟ್ಟೆ. ತಾವು ಮನುಷ್ಯರಲ್ಲ, ಯಂತ್ರದೊಳಗಿನ ಸಾಫ್ಟ್‌ವೇರಿನ ತಿರುಳು, ಇಂಗ್ಲಿಷಿನಲ್ಲಿ ತಿರುಳಿಗೂ ಕರ್ನಲ್ ಎಂದೇ ಹೇಳುತ್ತಾರೆ ಎಂದು ಅವನು ಆಮೇಲೆ ಬಿಡಿಸಿ ಹೇಳಿದ. ತಿರುಳಿದ್ದ ಕಡೆ ಹುರುಳೂ ಇರಬೇಕೆಂಬ ನಿಯಮವೇನೂ ಇಲ್ಲವೆಂಬುದು ನನಗೆ ಅಂದೇ ಮನವರಿಕೆಯಾಯಿತು.

ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. ಜೀವಮಾನವೆಲ್ಲ ಬೇರೆಯವರ ದೂರುಗಳನ್ನು ಅಚ್ಚು ಮಾಡಿಕೊಟ್ಟ ಈ ಬೆರಳುಗಳಿಗೆ ಸ್ವಂತದ್ದೊಂದು ದೂರನ್ನು ಕರುಣಿಸಿದ್ದಕ್ಕಾಗಿ ಮೊದಲಿಗೆ ತಮಗೆ ಕೃತಜ್ಞತೆಗಳು.

ಕಳೆದ ತಿಂಗಳು ಒಂದು ಮಧ್ಯಾಹ್ನ ನನ್ನ ಮಗಳನ್ನು ಹೆರಿಗೆ ಕೋಣೆಯೊಳಗೆ ಕರೆದೊಯ್ದರು. ಅವಳಿ ಮಕ್ಕಳೆಂದು ಮೊದಲೇ ಗೊತ್ತಿತ್ತು. ಕನ್ನಡಕದಂಗಡಿಯ ನನ್ನ ಅಳಿಯಂದಿರು ಹೊರಗಿನ ಬೆಂಚಿನಲ್ಲಿ ಕುಳಿತು ತಮ್ಮ ಕನ್ನಡಕವನ್ನು ಒರೆಸುತ್ತಲೇ ಇದ್ದರು. ಇನ್ನಷ್ಟು ಒರೆಸಿದ್ದರೆ ಗಾಜು ಸವೆದೇ ಹೋಗುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು, ಬಂತು. ಕಂಪ್ಯೂಟರುಗಳು ಮಧ್ಯಾಹ್ನದ ನಿದ್ದೆಯಿಂದೆದ್ದ ಮಕ್ಕಳಂತೆ ಒಂದೊಂದಾಗಿ ಕಣ್ಣುಬಿಟ್ಟವು. ತಾವೂ ಕಣ್ಣುಬಿಟ್ಟಿರಿ. ಅದೇ ಹೊತ್ತಿಗೆ ನನ್ನ ಮೊಮ್ಮಗನೂ ಕಣ್ಣುಬಿಟ್ಟ. ದಾದಿಯು ನಿಯಮದಂತೆ 'ಜನನ' ಎಂಬ ಗುಂಡಿ ಒತ್ತಿದರು. ಯಾರೂ ಕೈಯಾಡಿಸಿ ಮೋಸ ಮಾಡಬಾರದೆಂದು ಹುಟ್ಟಿದ ದಿನ, ಗಳಿಗೆಗಳನ್ನು ಯಂತ್ರವೇ ತುಂಬಿಕೊಳ್ಳುವ ಏರ್ಪಾಡು ಅದು. ತಾವು ಹಿಂದುಮುಂದು ನೋಡದೆ ಒಂದು ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿ, ಜನವರಿ ಒಂದು ಎಂದು ದಯಪಾಲಿಸಿದಿರಿ.

ಸ್ವಲ್ಪ ಹೊತ್ತಿಗೆ ಇಂಟರ್‌ನೆಟ್ ಬಂತು. ಹೊರಗಿನವರು ಯಾರೋ ಸರಿಯಾದ ಸಮಯ ಹೇಳಿದರು, ತಾವೂ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡಿರಿ. ಆಗ ಹುಟ್ಟಿದ ನನ್ನ ಮೊಮ್ಮಗಳಿಗೆ ಆ ದಿನದ್ದೇ ತಾರೀಕು ದೊರೆಯಿತು. ಹೀಗೆ ಅಣ್ಣ ತಂಗಿಯರ ನಡುವೆ ಅರ್ಧ ಶತಮಾನಕ್ಕೂ ಮಿಕ್ಕಿದ ಅಂತರ ಉಂಟಾಗಿ, ಅಷ್ಟೂ ಕಾಲ ನನ್ನ ಮಗಳು ಹೆರಿಗೆ ಕೋಣೆಯಲ್ಲೇ ನೋವು ತಿನ್ನುತ್ತಿದ್ದಳೆಂಬುದು ತಮ್ಮ ದಾಖಲೆಯ ತಾತ್ಪರ್ಯ. ಈ ಮಾತನ್ನು ಅವಳು ಮಾತ್ರ ಅಲ್ಲಗಳೆಯಲಿಲ್ಲ. "ಹಾಗೇ ಅನಿಸ್ತಿತ್ತು ಕಣಮ್ಮ" ಎಂದಳು.

ಇಲ್ಲಿಯವರೆಗೆ ನಾವು ನಕ್ಕಿದ್ದು ನಿಜ. ನಗು ನಿಂತದ್ದು ಆಮೇಲೆ.

ಗಂಡುಮಗುವಿನ ತೂಕ ಕಡಿಮೆಯಿತ್ತೆಂದು ಅವನನ್ನು ಮೇಲಿನ ಮಹಡಿಯ ಆರೈಕೆ ಕೋಣೆಯಲ್ಲಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಆ ಕೋಣೆಯ ಬಾಗಿಲು ತೆರೆಯಬೇಕಾದರೆ ತಾಯಿ ಆಸ್ಪತ್ರೆಯವರು ಕಟ್ಟಿದ ತನ್ನ ಕೈಪಟ್ಟಿಯನ್ನು ಯಂತ್ರಕ್ಕೆ ತೋರಿಸಬೇಕು. ಮರುದಿನ ಬೆಳಿಗ್ಗೆ ಡಾಕ್ಟರು ಹಾಲೂಡಿಸಬಹುದೆಂದು ಹೇಳಿ ಹೋದ ಮೇಲೆ ನನ್ನ ಮಗಳು ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ನಡೆದು ಬಂದು ಕೈಪಟ್ಟಿ ತೋರಿಸಿದಳು. ತಾಯಿಯ ವಯಸ್ಸು ಮಗುವಿನ ವಯಸ್ಸಿಗಿಂತ ಕಡಿಮೆಯಿರುವುದರಿಂದ ಈ ಸಂಬಂಧವನ್ನು ಒಪ್ಪಲಾಗದು ಎಂದು ಯಂತ್ರವು ಕೆಂಪಕ್ಷರದಲ್ಲಿ ತಿಳಿಸಿತು.

"ಯಂತ್ರ ಒಪ್ತಿಲ್ಲ ಕಣಮ್ಮ" ಎಂದರು ಬಾಗಿಲ ಬಳಿಯ ದಾದಿ, ತಾವೇ ತಪ್ಪು ಮಾಡಿದವರ ಹಾಗೆ.

"ನನ್ನ ಹೊಟ್ಟೆ ಒಪ್ಪಿದೆಯಲ್ಲ, ಅದು ಸಾಲದಾ?" ಎಂದಳು ಮಗಳು.

"ಹೋದ ವರ್ಷ ಎರಡು ಮಕ್ಕಳು ಅದಲುಬದಲು ಆದ ಮೇಲೆ ಬಾಗಿಲನ್ನ ಯಂತ್ರಕ್ಕೇ ಒಪ್ಪಿಸಿಬಿಟ್ರು. ನನ್ನ ಕೈಲಿ ಕೀಲಿ ಇಲ್ಲ. ದೊಡ್ಡ ಡಾಕ್ಟ್ರು ಹೇಳ್ಬೇಕು, ಅವರು ಆಪರೇಷನ್ ಮಾಡ್ತಿದಾರೆ."

ಅಳಿಯಂದಿರು ಯಂತ್ರಕ್ಕೆ ಬೈದರು, ಬೇಡಿಕೊಂಡರು, ಕೊನೆಗೆ ಅದರ ಗಾಜನ್ನೂ ಒರೆಸಿದರು. ನನ್ನ ಮಗಳು ಮಾತ್ರ ಬಾಗಿಲಿನ ಕಿಂಡಿಗೆ ಹಣೆ ಒತ್ತಿಕೊಂಡು ನಿಂತಿದ್ದಳು. "ಅಮ್ಮ, ಅವನು ಅಳ್ತಿದಾನೆ. ಸದ್ದು ಕೇಳಿಸ್ತಿಲ್ಲ, ಬಾಯಿ ಕಾಣಿಸ್ತಿದೆ" ಎಂದಳು. ಅವಳ ರವಿಕೆ ಹಾಲಿನಿಂದ ತೊಯ್ದಿತ್ತು. ಕರ್ನಲ್ ಸಾಹೇಬರೇ, ಎಷ್ಟೋ ಜನರ ಕಷ್ಟಗಳನ್ನು ಕಣ್ಣು ಮಿಟುಕಿಸದೆ ಟೈಪು ಮಾಡಿದವಳು ನಾನು. ಆ ಒಂದು ವಾಕ್ಯವನ್ನು ಇಲ್ಲಿ ಟೈಪು ಮಾಡಲು ಮೂರು ಸಲ ಏಳಬೇಕಾಯಿತು.

ಅಷ್ಟರಲ್ಲಿ ಅಡುಗೆಮನೆಯವನು ಗಾಡಿ ತಳ್ಳಿಕೊಂಡು ಬಂದ. ಗಾಡಿಯ ಮೇಲೆ ಒಂದು ಊಟದ ತಟ್ಟೆ. ತಮ್ಮ ಕೃಪೆಯಿಂದ ಐವತ್ತು ದಾಟಿದ ಗಂಡಸೊಬ್ಬರು ಒಳಗೆ ಮಲಗಿದ್ದಾರೆಂದು ಅಡುಗೆಮನೆಯ ಕಂಪ್ಯೂಟರು ತಿಳಿದುಕೊಂಡು, ವಯಸ್ಸಿಗೆ ತಕ್ಕಂತೆ ಉಪ್ಪು ಎಣ್ಣೆ ಕಡಿಮೆ ಮಾಡಿದ ಊಟವನ್ನು ಬಿಸಿಬಿಸಿಯಾಗಿ ಕಳುಹಿಸಿತ್ತು. ಜೊತೆಗೆ ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಕನ್ನಡಕ ಬದಲಿಸಿಕೊಳ್ಳಿ ಎಂಬ ಹಿತವಚನದ ಚೀಟಿ. ಇಂಥ ಗಿರಾಕಿ ಮನೆಯಲ್ಲೇ ಹುಟ್ಟಿದ್ದು ಅಳಿಯಂದಿರಿಗೆ ಆ ಹೊತ್ತಿನಲ್ಲಿ ಸಂತೋಷ ತರಲಿಲ್ಲ. "ಇದು ಮಕ್ಕಳ ಕೋಣೆ ಅಲ್ವಾ? ಯಾರಿಗಮ್ಮಾ ಊಟ?" ಎಂದು ಅಡುಗೆಮನೆಯವನು ತಲೆ ಕೆರೆದುಕೊಂಡ. ತಟ್ಟೆಯ ಮೇಲಿನ ಚೀಟಿಯನ್ನು ಯಂತ್ರದ ಮುಂದೆ ಹಿಡಿದದ್ದೇ ತಡ, ಬಾಗಿಲು ತೆರೆದುಕೊಂಡಿತು. ರೋಗಿಗೆ ಊಟ ತಲುಪಬೇಕಲ್ಲ!

ನನ್ನ ಮಗಳು ಅವನ ಕೈಯಿಂದ ತಟ್ಟೆ ಇಸಿದುಕೊಂಡಳು. "ಅವನ ಊಟ ನಾನೇ ಕೊಡ್ತೀನಿ" ಎಂದು ಒಳಗೆ ಹೋದಳು.

ದಾದಿಯು ಆ ಕ್ಷಣಕ್ಕೆ ಸರಿಯಾಗಿ ಕಿಟಕಿಯ ಹೊರಗೆ ಏನನ್ನೋ ನೋಡುತ್ತಿದ್ದರು. ಒಳಗೆ ತಟ್ಟೆ ಒಂದು ಮೂಲೆಯಲ್ಲಿ ಆರುತ್ತಿತ್ತು. ಐವತ್ತು ದಾಟಿದ ಆ ಮಹನೀಯರು ತಮಗೆ ಬೇಕಾದ ಊಟವನ್ನು ಕಣ್ಣುಮುಚ್ಚಿ, ಮುಷ್ಟಿ ಬಿಗಿದು, ಚಪ್ಪರಿಸುತ್ತ ಮಾಡುತ್ತಿದ್ದರು. ಅಳಿಯಂದಿರು ಮತ್ತೆ ಕನ್ನಡಕ ತೆಗೆದರು. ಈ ಸಲ ಒರೆಸಿದ್ದು ಕಣ್ಣನ್ನು.

ಸಂಜೆ ರಿಪೇರಿಯವನು ಬಂದು ಯಂತ್ರದ ಹೊಟ್ಟೆ ಬಿಚ್ಚಿ ಬಟ್ಟೆಯ ಗುಂಡಿಯಷ್ಟು ದೊಡ್ಡ, ಶಕ್ತಿ ಮುಗಿದ ಸೆಲ್ಲೊಂದನ್ನು ತೆಗೆದು ತೋರಿಸಿದ. ಕಂಪ್ಯೂಟರು ಮಲಗಿದ್ದಾಗಲೂ ಒಳಗೊಂದು ಪುಟ್ಟ ಗಡಿಯಾರ ಈ ಸೆಲ್ಲಿನ ಬಲದಿಂದ ಎಚ್ಚರವಾಗಿರುತ್ತದಂತೆ. ಅದನ್ನು ಯಾರೂ ನೇರವಾಗಿ ಮಾತಾಡಿಸುವಂತಿಲ್ಲ. ತಾವು ತೆರೆದಿರುವ ಒಂದೇ ಒಂದು ಕಿಟಕಿಯ ಮುಂದೆ ಬಂದು ಕೇಳಬೇಕು. ಒಬ್ಬರು ಕಿಟಕಿಯಲ್ಲಿದ್ದರೆ ಇನ್ನೊಬ್ಬರಿಗೆ ಬಿಡುವಿಲ್ಲ ಎನ್ನುತ್ತೀರಿ. ಗಡಿಯಾರವನ್ನು ತಿದ್ದಲು ಯಂತ್ರದ ಯಜಮಾನನಲ್ಲದೆ ಬೇರೆಯವರನ್ನು ಬಿಡುವುದಿಲ್ಲ. ಎಂಥ ಶಿಸ್ತು! ನಾನು ದುಡಿದ ಕಚೇರಿಯ ಕಿಟಕಿಗೂ ಇಷ್ಟು ಗಾಂಭೀರ್ಯ ಇರಲಿಲ್ಲ. ಅಲ್ಲಿ ಗುಮಾಸ್ತರು ಕಾಫಿಗಾದರೂ ಎದ್ದು ಹೋಗುತ್ತಿದ್ದರು.

"ಸೆಲ್ ಸತ್ತಾಗ ಗಡಿಯಾರ ಏನು ಹೇಳುತ್ತಪ್ಪ?" ಎಂದು ಕೇಳಿದೆ.

"ಅದು ಸುಳ್ಳು ಹೇಳಲ್ಲ ಅಮ್ಮ. 'ನನ್ನ ಮಾತು ನಂಬಬೇಡಿ' ಅಂತ ಗುರುತು ತೋರಿಸುತ್ತೆ. ಕರ್ನಲ್ ಅದನ್ನ ನೋಡಿತ್ತು ಕೂಡ. ನೋಡಿ, ತನ್ನ ಡೈರಿಯಲ್ಲಿ ಒಂದು ಸಾಲು ಬರ್ದಿದೆ."

"ಆ ಡೈರಿ ಓದೋರು ಯಾರು?"

"ಯಾರೂ ಓದಲ್ಲ ಅಮ್ಮ."

ಮಾನ್ಯರೇ, ತಮ್ಮ ಆಡಳಿತ ಕೌಶಲಕ್ಕೆ ನಾನು ಮಾರುಹೋದದ್ದು ಇಲ್ಲಿಯೇ. ಕೆಳಗಿನವನು ಪ್ರಾಮಾಣಿಕವಾಗಿ 'ನನಗೆ ಗೊತ್ತಿಲ್ಲ' ಎಂದ. ತಾವು ಆ ಮಾತನ್ನು ಯಾರೂ ಓದದ ಕಡೆ ಅಂದವಾಗಿ ಬರೆದಿಟ್ಟು, ಕೇಳಿದವರಿಗೆಲ್ಲ ತಮ್ಮ ಕಾಲದ ಎಣಿಕೆ ಶುರುವಾಗುವ ಎಪ್ಪತ್ತನೇ ಇಸವಿ ಎಂದು ಗಂಭೀರವಾಗಿ ಹೇಳಿದಿರಿ. ಮೇಲಿನ ಪ್ರೋಗ್ರಾಮುಗಳು ತಮ್ಮ ಮಾತೆಂದರೆ ವೇದವಾಕ್ಯವೆಂದು ಬರೆದುಕೊಂಡವು. ಯಾರ ಮೇಲೂ ತಪ್ಪಿಲ್ಲ. ಬಾಗಿಲ ಹೊರಗೆ ಹಾಲು ಸೋರಿಸುತ್ತ ನಿಂತವಳೊಬ್ಬಳನ್ನು ಬಿಟ್ಟರೆ ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದಾರೆ.

ಅಂದು ರಾತ್ರಿಯೊಳಗೆ ದೊಡ್ಡ ಡಾಕ್ಟರು ಆರೈಕೆ ಕೋಣೆಗೊಂದು ಕಬ್ಬಿಣದ ಕೀಲಿಕೈ ಮಾಡಿಸಿ ದಾದಿಯ ಸೊಂಟಕ್ಕೆ ಕಟ್ಟಿಸಿದರು. ಗಡಿಯಾರ ಗೊತ್ತಿಲ್ಲವೆಂದರೆ ಜನನದ ಗುಂಡಿಯೇ ಕೆಲಸ ಮಾಡದಂತೆ, ದಾದಿಯು ಗೋಡೆ ಗಡಿಯಾರ ನೋಡಿ ಕೈಯಲ್ಲೇ ಬರೆಯುವಂತೆ ರಿಪೇರಿಯವನು ಬದಲಾಯಿಸಿದ. ಮಕ್ಕಳಿಬ್ಬರೂ ಮನೆಗೆ ಬಂದಿದ್ದಾರೆ. ತಂಗಿ ಅಳುತ್ತಾಳೆ, ಅಣ್ಣ ಅವಳಿಗಿಂತ ಜೋರಾಗಿ ಅಳುತ್ತಾನೆ. ಹಿರಿತನಕ್ಕೆ ಅವನ ಬಳಿ ಸದ್ಯಕ್ಕೆ ಅಷ್ಟೇ ಸಾಕ್ಷಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹವೇನೆಂದರೆ, ಮುಂದೆ ತಮಗೆ ಹೊತ್ತು ತಿಳಿಯದಿದ್ದಾಗ ಡೈರಿ ಬರೆಯುವುದನ್ನು ಬಿಟ್ಟು ದಯವಿಟ್ಟು ಕಿಟಕಿಯಿಂದ ತಲೆ ಹೊರಹಾಕಿ ಬೀದಿಗೆಲ್ಲ ಕೇಳುವಂತೆ 'ಗೊತ್ತಿಲ್ಲ' ಎಂದು ಕೂಗಬೇಕು. ನಾಚಿಕೆಯಾದರೆ ಆ ಪುಟ್ಟ ಗಡಿಯಾರವನ್ನೇ ಕರ್ನಲ್ ಹುದ್ದೆಗೆ ಏರಿಸಿ, ತಾವು ಅದರ ಕೆಳಗೆ ಕೆಲವು ಕಾಲ ದುಡಿದು ಆ ಒಂದು ಮಾತನ್ನು ಹೇಳಲು ಕಲಿಯಬೇಕು. ಅದೂ ಆಗದಿದ್ದರೆ ನನ್ನ ಮೊಮ್ಮಗನಿಗೆ ತಾವು ಒಂದೇ ಗುಂಡಿಯಲ್ಲಿ ಕಳೆದುಬಿಟ್ಟ ಬಾಲ್ಯ, ಯೌವನಗಳನ್ನು ಮರಳಿ ಕೊಡಿಸಬೇಕು. ಮಿಕ್ಕರೆ ಅದರಲ್ಲಿ ಕೊಂಚ ಅವನ ಅಜ್ಜಿಗೂ ಸಲ್ಲತಕ್ಕದ್ದು.

ತಾವು ಹೇಳುವ ಸಮಯವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲಿ,
ತಮ್ಮ ವಿಶ್ವಾಸಿ,
ತಾಯಿಗಿಂತ ದೊಡ್ಡ ಮಗುವಿನ ತಾಯಿಯ ತಾಯಿ

ಮರೆತ ಮಾತು: ಹುಟ್ಟಿದ ತಾರೀಕನ್ನು ತಿದ್ದಿಕೊಡಿ ಎಂದು ಹಾಕಿದ ಅರ್ಜಿಯನ್ನು ಜನನ ನೋಂದಣಿ ಕಚೇರಿಯವರು ಹಿಂದಿರುಗಿಸಿದ್ದಾರೆ. ಅರ್ಜಿದಾರರು ವಯಸ್ಕರಾದ ಕಾರಣ ತಂದೆತಾಯಿಯ ಸಹಿ ನಡೆಯದು, ಅವರೇ ಖುದ್ದಾಗಿ ಗುರುತು ಹಾಕಬೇಕಂತೆ. ಅರ್ಜಿಯನ್ನು ಅರ್ಜಿದಾರರ ಮುಂದೆ ಹಾಸಿ ಓದಿ ಹೇಳಿದೆವು. ಅವರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, ತಮ್ಮ ಹೆಸರು ಬಂದ ಸಾಲಿನ ಮೇಲೆ ಸರಿಯಾಗಿ ಉಚ್ಚೆ ಹೊಯ್ದಿದ್ದಾರೆ. ಒಣಗಿಸಿ ಇದರೊಂದಿಗೆ ಲಗತ್ತಿಸಿದೆ. ಗುರುತು ಸ್ವಂತದ್ದೇ ಎಂದು ನಾನು ದೃಢೀಕರಿಸುತ್ತೇನೆ.