ತೊಟ್ಟಿಲ ಕೊಂಡಿಗೆ ತೂಗಿದ ಗಾಲಿ

ಗುರುತ್ವಾಕರ್ಷಣೆಯನ್ನು ಆದಿತ್ಯವಾರ ಸಂಜೆ ನಾಲ್ಕಕ್ಕೆ ಸೋಲಿಸುವುದೆಂದು ವಿಶ್ವನಾಥ ಮಾಸ್ತರರು ನಿಶ್ಚಯಿಸಿದರು. ಸೈಕಲ್ ಗಾಲಿಯ ಅಚ್ಚಿಗೆ ಒಂದೇ ಬದಿ ಹಗ್ಗ ಕಟ್ಟಿ, ಜೋರಾಗಿ ತಿರುಗಿಸಿ ಬಿಟ್ಟರೆ ಅದು ಬೀಳದೆ ನೆಟ್ಟಗೆ ನಿಲ್ಲುತ್ತದೆ ಎಂದು ಇವರು ಹೇಳಿದ್ದಕ್ಕೆ, ಗಣಿತದ ಶಿವಾನಂದ ಮಾಸ್ತರರು ಅಕ್ಕಲಕೋಟೆಯ ಇಡೀ ಸಾಲೆಯ ಮುಂದೆ ನಕ್ಕುಬಿಟ್ಟಿದ್ದರು! ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದ ಮರ್ಯಾದೆ ಈಗ ಒಂದು ಗಾಲಿಗೆ ಜೋತುಬಿದ್ದಿತ್ತು.

ಆದಿತ್ಯವಾರ ಬೆಳಿಗ್ಗೆ ಸ್ಟೂಲು ಹತ್ತಿ, ಪಡಸಾಲೆಯ ತೊಲೆಯಲ್ಲಿದ್ದ ಹಳೆಯ ತೊಟ್ಟಿಲ ಕೊಂಡಿಗೆ ಹೊಸ ಹಗ್ಗ ಬಿಗಿದರು.

"ಕೊಂಡಿ ಕಿತ್ತೀತ್ರೀ!" ಎಂದರು ಸ್ಟೂಲು ಹಿಡಿದಿದ್ದ ಹೆಂಡತಿ ಕುಮುದಿನಿ.

"ನಿನ್ನ ಎರಡು ಮಕ್ಕಳನ್ನ ತಡದದ. ಗಾಲಿ ಏನ್ ಮಹಾ?"

ಗಾಲಿ ಇನ್ನೂ ಅಂಗಳದಲ್ಲೇ ಇತ್ತು. ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದ ನೆರೆಮನೆಯ ಗಂಗುಬಾಯಿ ಕೊಂಡಿ ನೋಡಿದಳು, ಹೊಸ ಹಗ್ಗ ನೋಡಿದಳು, ಸೊಂಟ ಹಿಡಿದು ನಿಂತ ಕುಮುದಿನಿಯನ್ನು ನೋಡಿದಳು.

"ಅಯ್ಯ ನಮ್ಮವ್ವ! ಒಂದ್ ಮಾತು ಹೇಳಲೇ ಇಲ್ಲಲ್ಲ!" ಎಂದವಳೇ ಹೆಪ್ಪು ಮರೆತು ಓಡಿದಳು.

ಮಾಸ್ತರರಿಗೆ ಪುರುಸೊತ್ತೆಲ್ಲಿ! ಮೊದಲ ಸಲ ಗಾಲಿ ಎಡಗಾಲ ಮೇಲೆ ಬಿತ್ತು. ಎರಡನೇ ಸಲ ಬಲಗಾಲ ಮೇಲೆ.

"ಇರೋವು ಎರಡೇ ಕಾಲು. ಇನ್ನ ಸಾಕ್ರೀ!"

"ವೇಗ ಸಾಲವಲ್ದು!"

ಮೂರನೇ ಸಲ ನಿಂತಿತು! ಭೂಮಿ ಕೆಳಗೆಳೆದರೆ ಗಾಲಿ ಪಕ್ಕಕ್ಕೆ ಹೊರಳುತ್ತ, ಹಗ್ಗದ ಸುತ್ತ ಗಂಭೀರವಾಗಿ ಪ್ರದಕ್ಷಿಣೆ ಹಾಕತೊಡಗಿತು. ಎಂಥ ಹಟಮಾರಿ! ಮಾಸ್ತರರಿಗೆ ತಮ್ಮ ರಕ್ತಸಂಬಂಧಿಯನ್ನೇ ಕಂಡಂತಾಯಿತು.

ಇತ್ತ ಗಂಗುಬಾಯಿಯ ಗಂಡ ಬಂಡೆಪ್ಪ ಎಸ್.ಟಿ. ಕಂಡಕ್ಟರ್. ಹತ್ತರ ಬಸ್ಸಿನಲ್ಲಿ ಸುದ್ದಿ ಕುಂಭಾರಿ ದಾಟಿ ಸೋಲಾಪುರ ಮುಟ್ಟಿತು. ಮೂರರ ಬಸ್ಸಿಗೆ ಸೋಲಾಪುರದಿಂದ ಮಾಸ್ತರರ ಮಗಳೇ ಬಂದಿಳಿದಳು.

"ಅಪ್ಪಾ, ನಮ್ಮ ಅತ್ತಿ ಮುಂದ ನಾ ಹ್ಯಾಂಗ ಮಾರಿ ತೋರಸ್ಲಿ?"

ಹಿಂದೆಯೇ ಉಡಿ ತುಂಬಲು ತೆಂಗಿನಕಾಯಿ, ಕುಪ್ಪಸದ ಖಣ ಹಿಡಿದ ಓಣಿಯ ಹೆಂಗಸರು! ಹೋದ ತಿಂಗಳಷ್ಟೇ ಮಾಸ್ತರರು ಸಾಲೆಯಲ್ಲಿ ಕುಟುಂಬ ಯೋಜನೆಯ ಭಾಷಣ ಬಿಗಿದಿದ್ದರು.

"ಮೊದಲ ಆ ಹಗ್ಗ ಬಿಚ್ಚರೀ!" ಕುಮುದಿನಿ ಅಡಿಗೆಮನೆಯಿಂದಲೇ ಗುಡುಗಿದರು.

"ನಾಕು ಹೊಡೀಲಿ!"

ನಾಲ್ಕು ಹೊಡೆಯಿತು. ಶಿವಾನಂದ ಮಾಸ್ತರರು ಬಂದರು. ಗಾಲಿ ತಿರುಗಿತು, ನಿಂತಿತು, ಸುತ್ತಿತು!

"ನೋಡ್ರಿ! ಬಿತ್ತೇನು?"

ಶಿವಾನಂದರು ಹೆಂಗಸರನ್ನು ನೋಡಿದರು, ತೆಂಗಿನಕಾಯಿ ನೋಡಿದರು, ಕೊಂಡಿ ನೋಡಿದರು. ಟೊಪ್ಪಿಗೆ ತೆಗೆದರು.

"ಸೋತೆ ಸರ."

ಮಾಸ್ತರರ ಎದೆ ಉಬ್ಬಿತು. "ಹಂಗಾರ ಗಾಲಿ ಬೀಳಂಗಿಲ್ಲಂತ ಒಪ್ಪಿದ್ರಿ?"

"ಗಾಲಿ ಮಾತು ಬಿಡ್ರಿ ಸರ," ಶಿವಾನಂದರು ಎರಡೂ ಕೈ ಜೋಡಿಸಿದರು. "ಐವತ್ತೆರಡನೇ ವಯಸ್ಸಿನ್ಯಾಗ ತೊಟ್ಟಿಲಾ ಕಟ್ಟೋರ ಮುಂದ ಗುರುತ್ವಾಕರ್ಷಣಿ ಏನ್ ಮಾಡೀತು!"