ಕಂದಕದಾಚೆಯ ಕಾರು

ಇತಿಹಾಸ ಓದಿ ಯಾರು ಉದ್ಧಾರವಾದರು ಎಂದು ಕೇಳುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ನನಗೆ ಇತಿಹಾಸದ ಹುಚ್ಚು ಹಿಡಿಸಿದ್ದು ವೇಲಚೇರಿಯ ನಮ್ಮ ಫ್ಲಾಟಿನ ಹಿಂದಿರುವ ಮಣ್ಣಿನ ದಿಬ್ಬ. ಚೋಳರ ಕಾಲದಲ್ಲಿ ಯಾವನೋ ನಾಡೊಡೆಯ ಸುತ್ತ ಕಂದಕ ತೋಡಿಸಿ, ಆ ಮಣ್ಣನ್ನೇ ನಡುವೆ ಪೇರಿಸಿ, ಅದರ ಮೇಲೆ ಮಹಲು ಕಟ್ಟಿಸಿದ್ದನಂತೆ. ಮಹಲು ಹೋಯಿತು, ಮಣ್ಣೂ ಕಂದಕವೂ ಉಳಿದವು. ಮನೆಗೆ ಬಂದ ನೆಂಟರಿಗೆ ಮೊದಲು ದಿಬ್ಬ ತೋರಿಸಿ, ಆಮೇಲೆ ಕಾಫಿ ಕೊಡುವುದು ನನ್ನ ಪದ್ಧತಿ. ಈಚೆಗೆ ನೆಂಟರು ಕಾಫಿ ಕುಡಿದುಕೊಂಡೇ ಬರುತ್ತಾರೆ.

ಜೋರು ಮಳೆಯ ಮುನ್ಸೂಚನೆ ಬಂತೆಂದರೆ ನಮ್ಮ ಕಡೆಯವರು ಹಾಲು, ಮೇಣದಬತ್ತಿ ಕೊಳ್ಳುವುದಕ್ಕೂ ಮೊದಲು ಕಾರನ್ನು ಮೇಲ್ಸೇತುವೆಯ ಮೇಲೆ ನಿಲ್ಲಿಸಿ ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಪಕ್ಕದ ಫ್ಲಾಟಿನ ಸುಂದರಂ, “ಸಾರ್, ಬ್ರಿಡ್ಜ್ ಮೇಲ ಇಡಂ ಇರುಕ್ಕು, ಸೀಕ್ರಂ ವಾಂಗ” ಎಂದು ಜಾಗ ಹಿಡಿಯಲು ಅವಸರಪಡಿಸಿದರು. ನಾನು ನಕ್ಕೆ. ಅದೇ ವಾರ ನಮ್ಮತ್ತೆಯನ್ನು ಕಣ್ಣಿನ ಪೊರೆ ತೆಗೆಸಲು ಕೀಲ್ಪಾಕಿನ ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದೆ. ಅಂಥ ಕಾರನ್ನು ನಿನ್ನೆ ಮೊನ್ನೆಯ ಸಿಮೆಂಟನ್ನು ನಂಬಿ ಬಿಡುವುದೇ? ಒಣಗಿದ ಕಂದಕಕ್ಕೆ ಇಳಿಸಿ, ಆಚೆ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದೆ. “ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ” ಎಂದಳು ನನ್ನ ಹೆಂಡತಿ ಶಾರದೆ. ಅವಳು ಓದಿದ್ದು ವಿಜ್ಞಾನ, ಕ್ಷಮಿಸಿದೆ.

ಮಳೆ ಸುರಿದು ನಿಂತಾಗ ಟೈರಿಗೂ ನೀರು ಮುಟ್ಟಿರಲಿಲ್ಲ. ನನ್ನ ಹಿಗ್ಗು ಹೇಳತೀರದು. ಮರುದಿನ ರಸ್ತೆಯ ನೀರೂ ಇಳಿಯಿತು. ಕಂದಕದ್ದು ಮಾತ್ರ ಎದೆಮಟ್ಟ ನಿಂತೇ ಇತ್ತು. ನಿಲ್ಲಲಿ ಎಂದೇ ತೋಡಿಸಿದ್ದನಲ್ಲ ಆ ಪುಣ್ಯಾತ್ಮ! ಒಳಗಿಂದ ಹೊರಗೆ ಬರಲು ಅವನು ಮರದ ಸೇತುವೆಯನ್ನಾದರೂ ಹಾಕಿಸಿಕೊಂಡಿದ್ದಿರಬೇಕು.

ಆಪರೇಷನ್ ದಿನ ಸುಂದರಂ ಕಾರೇ ಗತಿಯಾಯಿತು. “ನಿಮ್ಮ ಕಾರೆಲ್ಲಪ್ಪಾ?” ಎಂದು ಅತ್ತೆ ಕೇಳಿದಾಗ, “ಸರ್ವೀಸಿಗೆ ಬಿಟ್ಟಿದ್ದೀನಿ ಅತ್ತೆ” ಎಂದೆ. ಸುಂದರಂ ಕನ್ನಡಿಯಲ್ಲಿ ನನ್ನನ್ನು ನೋಡಿ ಗೇರ್ ಬದಲಿಸಿದರು. ನನಗೆ ನಿಜವಾಗಿ ನಾಚಿಕೆಯಾಯಿತು.

ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ಅತ್ತೆ ನೇರ ನಮ್ಮ ದಿಬ್ಬದ ಕಡೆಯ ಬಾಲ್ಕನಿಗೆ ಹೋಗಿ ನಿಂತರು. “ಕಾಣುತ್ತಾ ಅಮ್ಮ?” ಎಂದಳು ಶಾರದೆ, ಗಾಬರಿಯಲ್ಲಿ.

“ಚೆನ್ನಾಗಿ ಕಾಣುತ್ತೆ ಕಣೇ. ನೀರಿನ ಮಧ್ಯ ಒಂದು ಕಾರು, ಕಾರಿನ ಮೇಲೆ ಕೊಕ್ಕರೆ. ತಡಿ, ನಂಬರೂ ಕಾಣುತ್ತೆ.” ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿ, ನನ್ನ ಕಡೆ ತಿರುಗಿದರು.

“ಸರ್ವೀಸು ಅಲ್ಲೇ ಮಾಡ್ತಾರಾ ಅಳಿಯಂದಿರೇ?”